ಎರಿಸ್ಕೇ ದ್ವೀಪದ ವಿಸ್ಕಿ ಹಡಗು: ಅದು ಕಳ್ಳತನವೋ, ಕಡಲು ಕೊಟ್ಟದ್ದೋ?

ತೆರೆನೊರೆ

ಈ ಬಳಗದಲ್ಲಿ ಹಡಗುಗಳ ಹುಚ್ಚು ಇರುವವರು ನಾಲ್ಕೈದು ಜನರಾದರೂ ಇದ್ದೀರಿ. ಹಾಗಾಗಿ ಉದ್ದಕ್ಕೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಎಸ್.ಎಸ್. ಪೊಲಿಟೀಶಿಯನ್ ಅಂತ ಒಂದು ಸರಕು ಹಡಗು. ಹೆಸರು ನೋಡಿ ನಗಬೇಡಿ. ಲಿವರ್‌ಪೂಲಿನ ಹ್ಯಾರಿಸನ್ ಕಂಪನಿಯವರು ತಮ್ಮ ಹಡಗುಗಳಿಗೆ ಕಸುಬು, ಹುದ್ದೆಗಳ ಹೆಸರು ಇಡುತ್ತಿದ್ದರು, ಇದರ ಪಾಲಿಗೆ ರಾಜಕಾರಣಿ ಬಂತು. ಸುಮಾರು ಎಂಟು ಸಾವಿರ ಟನ್ನಿನದು, 1923ರಲ್ಲಿ ಕಟ್ಟಿದ್ದು. 1941ರ ಫೆಬ್ರುವರಿ 3ರಂದು ಲಿವರ್‌ಪೂಲ್ ಬಿಟ್ಟಿತು. ಹೋಗಬೇಕಾಗಿದ್ದದ್ದು ಜಮೈಕಾದ ಕಿಂಗ್‌ಸ್ಟನ್‌ಗೆ, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ. ಒಳಗೆ ಹತ್ತಿ ಬಟ್ಟೆ, ಸೈಕಲ್ಲು, ಮಚ್ಚು, ಚಾಕು ಚಮಚ, ಜಮೈಕಾಕ್ಕೆಂದು ಅಚ್ಚು ಹಾಕಿಸಿದ ನೋಟಿನ ಪೆಟ್ಟಿಗೆಗಳು. ಐದನೇ ಹೋಲ್ಡಿನಲ್ಲಿ, ಅಂದರೆ ಸರಕು ತುಂಬುವ ಕೋಣೆಯಲ್ಲಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಬಾಟಲಿ ಸ್ಕಾಚ್ ವಿಸ್ಕಿ.

ಯುದ್ಧದ ನಡುವೆ ಇಷ್ಟು ವಿಸ್ಕಿ ಯಾಕೆ ಅಂದರೆ ಡಾಲರಿಗಾಗಿ. ಅಮೆರಿಕದಿಂದ ಶಸ್ತ್ರಾಸ್ತ್ರ, ದವಸ ಕೊಳ್ಳಲು ಬ್ರಿಟನ್ನಿಗೆ ಡಾಲರು ಬೇಕಿತ್ತು, ಅಮೆರಿಕದವರಿಗೆ ಸ್ಕಾಚ್ ಬೇಕಿತ್ತು. ಹಾಗಾಗಿ ಒಳ್ಳೆಯ ಮಾಲೆಲ್ಲ ರಫ್ತಿಗೆ. ಸ್ಕಾಟ್ಲೆಂಡಿನವರಿಗೇ ತಮ್ಮೂರಿನ ಸರಕು ಸಿಗುತ್ತಿರಲಿಲ್ಲ, ಸಿಕ್ಕರೂ ತೆರಿಗೆಯಿಂದ ಕೈಗೆ ಎಟುಕುತ್ತಿರಲಿಲ್ಲ.

ಫೆಬ್ರುವರಿ 5ರ ಬೆಳಗಿನ ಜಾವ, ಬಿರುಗಾಳಿಯಲ್ಲಿ ದಾರಿ ತಪ್ಪಿದ ಹಡಗು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ದ್ವೀಪಸಮೂಹ ಹೊರ ಹೆಬ್ರಿಡೀಸ್‌ನ ಎರಿಸ್ಕೇ ಎಂಬ ಪುಟ್ಟ ದ್ವೀಪದ ಪಕ್ಕ, ಕ್ಯಾಲ್ವೇ ಎಂಬ ಇನ್ನೂ ಪುಟ್ಟ ನಡುಗಡ್ಡೆಯ ಬಳಿ ಬಂಡೆಗೇರಿ ಕೂತಿತು. ಎಂಜಿನ್ ಕೋಣೆಗೆ ನೀರು ನುಗ್ಗಿತು, ಎಣ್ಣೆ ಟ್ಯಾಂಕು ಒಡೆಯಿತು. ಸಿಬ್ಬಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ದ್ವೀಪದವರೇ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಬಟ್ಟೆ ಒಣಗಿಸಿ ಊಟ ಹಾಕಿದರು. ಬೆಂಕಿ ಕಾಯಿಸುತ್ತ ಕೂತ ನಾವಿಕರ ಬಾಯಿಂದಲೇ ಐದನೇ ಹೋಲ್ಡಿನ ಸುದ್ದಿ ಹೊರಬಿತ್ತು.

ಹಡಗು ಎತ್ತಲು ಬಂದ ಕಂಪನಿಯವರು ಮೇಲ್ಮೇಲಿನ ಸರಕು ತೆಗೆದರು. ಐದನೇ ಹೋಲ್ಡು ನೀರು, ಎಣ್ಣೆಯಲ್ಲಿ ಮುಳುಗಿದೆ, ಕೈ ಹಾಕಿ ಪ್ರಯೋಜನವಿಲ್ಲ ಎಂದು ಬಿಟ್ಟು ಹೊರಟರು. ಆಮೇಲೆ ಶುರುವಾಯಿತು ರಾತ್ರಿ ಪಾಳಿ. ಎರಿಸ್ಕೇ, ಸೌತ್ ಯುಯಿಸ್ಟ್, ಬಾರಾದಿಂದ, ಇನ್ನೂ ದೂರದಿಂದಲೂ ದೋಣಿಗಳು ಬಂದವು. ಎಣ್ಣೆಯಲ್ಲಿ ಬಟ್ಟೆ ಹಾಳಾಗುತ್ತೆ ಅಂತ ಗಂಡಸರು ಹೆಂಗಸರ ಹಳೇ ಲಂಗ, ಗೌನು ತೊಟ್ಟು ಹೋಲ್ಡಿಗೆ ಇಳಿಯುತ್ತಿದ್ದರಂತೆ. ಇಪ್ಪತ್ತನಾಲ್ಕು ಸಾವಿರ ಬಾಟಲಿಯಷ್ಟು ದ್ವೀಪದವರ ಪಾಲಾಯಿತು ಎಂಬುದು ಆಗಿನ ಅಂದಾಜು.

ಚಾರ್ಲ್ಸ್ ಮೆಕಾಲ್ ಎಂಬ ಸ್ಥಳೀಯ ಕಸ್ಟಮ್ಸ್ ಅಧಿಕಾರಿ ಇದನ್ನು ನೋಡಿಕೊಂಡು ಸುಮ್ಮನಿರಲಿಲ್ಲ. ಪೊಲೀಸರನ್ನು ಕಟ್ಟಿಕೊಂಡು ಮನೆಮನೆ ಜಾಲಾಡಿದ. ಬಾಟಲಿಗಳು ಮೊಲದ ಬಿಲಕ್ಕೆ, ಪೀಟ್ (ಉರುವಲಿಗೆ ಕಡಿದು ಒಣಗಿಸಿದ ಜೌಗು ಮಣ್ಣು) ರಾಶಿಯ ಕೆಳಗೆ, ಹಟ್ಟಿಯ ಹುಲ್ಲಿಗೆ, ಮರಳಿಗೆ ಸೇರಿದವು. ಏಪ್ರಿಲ್‌ನಲ್ಲಿ ಲಾಕ್‌ಮ್ಯಾಡಿಯ ಕೋರ್ಟಿನಲ್ಲಿ ಕೆಲವರಿಗೆ ಮೂರರಿಂದ ಐದು ಪೌಂಡ್ ದಂಡ. ಮೆಕಾಲ್‌ಗೆ ಅದು ಸಾಲದೆನಿಸಿತು. ಮುಂದಿನ ಕೇಸುಗಳಲ್ಲಿ ಹಲವರಿಗೆ ಇಪ್ಪತ್ತು ದಿನದಿಂದ ಎರಡು ತಿಂಗಳವರೆಗೆ ಜೈಲಾಯಿತು.

ನನ್ನ ಪ್ರಶ್ನೆ ಇಷ್ಟೇ. ಮಾಲೀಕರ ಕಡೆಯವರೇ ಬೇಡವೆಂದು ಬಿಟ್ಟು ಹೋದದ್ದನ್ನು ಸಮುದ್ರದಿಂದ ಎತ್ತಿಕೊಂಡರೆ ಅದು ಕಳ್ಳತನ ಹೇಗಾಗುತ್ತದೆ?

ಧಾರವಾಡ್ ಪೇಡೆ

ಲಂಗಾ ಉಟ್ಕೊಂಡು ವಿಸ್ಕಿ ತರಾಕ ಹೋದ್ರಂತ! ಅಲ್ರೀ, ಹೋಲ್ಡಿನ್ಯಾಗ ಸೈಕಲ್ಲೂ ಇದ್ವು ಅಂತೀರಿ. ಸೈಕಲ್ ಯಾರರೆ ತಂದ್ರೋ ಇಲ್ಲೋ?

ಎರಡೂವರೆ ಲಕ್ಷದಾಗ ಇಪ್ಪತ್ತನಾಲ್ಕು ಸಾವಿರ ಅಂದ್ರ ಹತ್ತರಾಗ ಒಂದು. ಉಳದದ್ದು ಎಲ್ಲಿ ಹೋತು? ಅದನ್ನ ಹೇಳ್ರಿ ಮದಲ.

ತೆರೆನೊರೆ

ಸೈಕಲ್ಲು, ಅಂಗಿ, ಬಟ್ಟೆ ಥಾನು ಎಲ್ಲವೂ ದಡ ಸೇರಿದವು ಮಾರಾಯರೇ. ದ್ವೀಪದಲ್ಲಿ ಎಲ್ಲರ ಮೈಮೇಲೂ ಎಣ್ಣೆ ಕಲೆಯ ಅಂಗಿ ಕಾಣಿಸಿಕೊಂಡರೆ ಪೊಲೀಸರಿಗೆ ಬೇರೆ ಸಾಕ್ಷಿ ಬೇಕಾ?

ಉಳಿದ ವಿಸ್ಕಿಯಲ್ಲಿ ದೊಡ್ಡ ಪಾಲನ್ನು ಆಮೇಲೆ ಬಂದ ಇನ್ನೊಂದು ಕಂಪನಿ ಎತ್ತಿತು. ಹಡಗಿನ ಮುಂಭಾಗವನ್ನೂ ತೇಲಿಸಿ ಎಳೆದುಕೊಂಡು ಹೋದರು. ಹಿಂಭಾಗ ಮೇಲೇಳಲಿಲ್ಲ. ಅದರಲ್ಲಿ ವಿಸ್ಕಿ ಇನ್ನೂ ಇತ್ತು. 1942ರಲ್ಲಿ ಸರ್ಕಾರ ಅದಕ್ಕೆ ಡೈನಮೈಟ್ ಇಟ್ಟಿತು. ಅಷ್ಟು ಒಳ್ಳೆಯ ಮಾಲಿಗೆ ಮದ್ದಿಡುವ ಹುಚ್ಚರೂ ಲೋಕದಲ್ಲಿ ಇದ್ದಾರಲ್ಲ ಅಂತ ದ್ವೀಪದವರು ಬಾಯಿ ಬಾಯಿ ಬಡಿದುಕೊಂಡರಂತೆ.

ನಿವೃತ್ತ ಸುಂಕದವ

ಮೂಲ ಪ್ರಶ್ನೆಗೆ ಬರುತ್ತೇನೆ. ಮೂವತ್ತು ಚಿಲ್ಲರೆ ವರ್ಷ ಸುಂಕ ಇಲಾಖೆಯಲ್ಲಿ ಇದ್ದವನು ನಾನು, ಮೆಕಾಲ್ ಪರ ಮಾತಾಡಲು ಇಲ್ಲಿ ಬೇರೆ ಯಾರೂ ಸಿಗಲಾರರು.

"ಬಿಟ್ಟು ಹೋದರು" ಅನ್ನುವುದರಲ್ಲೇ ತೊಡಕಿದೆ. ನಾವಿಕರು ಜೀವ ಉಳಿಸಿಕೊಳ್ಳಲು ಹಡಗು ಬಿಟ್ಟ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ. ಸರಕು ಕಳಿಸಿದವನದ್ದೋ ಕೊಂಡವನದ್ದೋ ಆಗಿಯೇ ಇರುತ್ತದೆ, ವಿಮೆಯ ಹಣ ಕೊಟ್ಟ ಮೇಲೆ ವಿಮಾ ಕಂಪನಿಯದ್ದಾಗುತ್ತದೆ. ಹಡಗು ಎತ್ತುವ ಕಂಪನಿ ಕೆಲಸ ಕೈಬಿಟ್ಟರೆ ಬಿಟ್ಟದ್ದು ಕೆಲಸವನ್ನು, ಹಕ್ಕನ್ನಲ್ಲ. ಬ್ರಿಟನ್ನಿನಲ್ಲಿ ಒಡೆದ ಹಡಗಿನ ವಸ್ತು ಕೈಗೆ ಸಿಕ್ಕರೆ ಅದಕ್ಕೆಂದೇ ನೇಮಕವಾದ ರಿಸೀವರ್ ಆಫ್ ರೆಕ್ ಎಂಬ ಅಧಿಕಾರಿಗೆ ತಿಳಿಸಬೇಕು. ತಿಳಿಸಿದವನಿಗೆ ಕಾನೂನು ಪ್ರಕಾರ ಸಂಭಾವನೆಯೂ ಉಂಟು. ಎರಿಸ್ಕೇಯವರು ಹಾಗೆ ಮಾಡಿದ್ದರೆ ಕೈಗೆ ಕಾಸು ಬರುತ್ತಿತ್ತು. ವಿಸ್ಕಿ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಎರಡನೆಯದು ತೆರಿಗೆ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ರಫ್ತಿನ ವಿಸ್ಕಿ ಸುಂಕ ಕಟ್ಟದೆ ಬಂದರಿನ ಗೋದಾಮಿನಿಂದ ನೇರ ಹಡಗಿಗೆ ಹೋಗುತ್ತದೆ. ಅದೇ ಬಾಟಲಿ ಬ್ರಿಟನ್ನಿನ ನೆಲಕ್ಕೆ ವಾಪಸ್ ಬಂದು ಯಾರದೋ ಗಂಟಲಿಗೆ ಇಳಿದರೆ ಸರ್ಕಾರಕ್ಕೆ ಪೂರ್ತಿ ಖೋತಾ. ಮೆಕಾಲ್‌ನ ತಲೆಬಿಸಿ ಇದ್ದದ್ದು ಕಳ್ಳತನದ ಬಗ್ಗೆ ಅಷ್ಟಲ್ಲ, ಸುಂಕದ ಬಗ್ಗೆ.

ನಮ್ಮಲ್ಲೂ ಹಾಗೇ. 1962ರ ಕಸ್ಟಮ್ಸ್ ಕಾಯ್ದೆಯ 21ನೇ ಕಲಮು ತೆಗೆದು ನೋಡಿ. ಒಡೆದ ಹಡಗಿನ ಮಾಲು, ತೇಲಿ ಬಂದದ್ದು, ಹಡಗು ಹಗುರಾಗಲೆಂದು ಕಡಲಿಗೆ ಎಸೆದದ್ದು, ಎಲ್ಲವನ್ನೂ ಆಮದು ಸರಕು ಎಂದೇ ಪರಿಗಣಿಸಬೇಕು. ಕಡಲು ಕೊಟ್ಟರೂ ಸುಂಕ ಕಟ್ಟಲೇಬೇಕು.

ಮಲ್ಪೆಯಿಂದ

ಸುಂಕದವರೇ, ಕಲಮು ಸರಿ. ಆದರೆ ದಡದ ಲೆಕ್ಕವೇ ಬೇರೆ ಉಂಟು.

ಮಳೆಗಾಲದಲ್ಲಿ ದಡಕ್ಕೆ ಮರದ ದಿಮ್ಮಿ ಬರ್ತದೆ, ಡ್ರಮ್ಮು ಬರ್ತದೆ, ಹಗ್ಗ ಬರ್ತದೆ. ಮೊದಲು ಕಂಡವನು ಒಂದು ಗುರುತು ಹಾಕಿ ನೀರಿನ ಮಟ್ಟದಿಂದ ಮೇಲಕ್ಕೆ ಎಳೆದಿಟ್ಟರೆ ಆಯ್ತು, ಮತ್ತೆ ಊರಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೂ ಮರ್ಯಾದೆಯ ಕಟ್ಟಳೆ ಉಂಟು. ಬೇರೆಯವರ ದೋಣಿಯಿಂದ ಒಂದು ಬುಟ್ಟಿ ಮೀನು ತೆಗೆದವನನ್ನು ಕಳ್ಳ ಅಂತೇವೆ, ಕಡಲು ತಂದು ಹಾಕಿದ್ದನ್ನು ತೆಗೆದವನನ್ನು ಹಾಗೆ ಹೇಳುವುದಿಲ್ಲ. ಎರಿಸ್ಕೇಯವರೂ ಮೀನುಗಾರರೇ ಅಲ್ಲವಾ? ಅವರ ಮನಸ್ಸು ನನಗೆ ಅರ್ಥವಾಗ್ತದೆ.

ಆದರೆ 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಹತ್ತಿರ ಮುಳುಗಿತಲ್ಲ, ಅದು ನೋಡಿದ ಮೇಲೆ ಒಂದು ಭಯವೂ ಬಂದಿದೆ. 640 ಕಂಟೇನರಿದ್ದ ಹಡಗು. ಕೊಲ್ಲಂ, ಆಲಪ್ಪುಳ ದಡಕ್ಕೆ ಡಬ್ಬಗಳು ಬಂದು ಬಿದ್ದವು. ಮುಟ್ಟಬೇಡಿ ಅಂತ ಸರ್ಕಾರ ಮೈಕಿನಲ್ಲಿ ಕೂಗಿಸಿತು, ಕಸ್ಟಮ್ಸ್‌ನವರೂ ಎಚ್ಚರಿಸಿದರು. ಕೆಲವು ಡಬ್ಬದಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ನೀರು ತಾಗಿದರೆ ಹೊತ್ತಿಕೊಳ್ಳುವ ಗ್ಯಾಸ್ ಬರ್ತದೆ. ಮತ್ತೆ ಆ ಬಿಳಿ ಪ್ಲಾಸ್ಟಿಕ್ ಕಾಳು, ಮರಳಿನಲ್ಲಿ ಹೆಕ್ಕಿ ಮುಗಿಯುವುದಿಲ್ಲ. ಈಗಿನ ಹಡಗು ಒಡೆದರೆ ದಡದವನಿಗೆ ವಿಸ್ಕಿ ಸಿಗುವುದಿಲ್ಲ ಸ್ವಾಮಿ, ಇಂಥದ್ದೇ ಸಿಗುವುದು.

ಸೆಕೆಂಡ್ ಮೇಟ್

ನಾನು ಮರ್ಚೆಂಟ್ ನೇವಿಯಲ್ಲಿದ್ದೇನೆ. ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕಟ್ಟೆಯಲ್ಲಿ, ವಾಚ್ ನಿಲ್ಲುವವನಿಗೆ ಈ ಕಥೆಯಲ್ಲಿ ವಿಸ್ಕಿಗಿಂತ ಮೊದಲು ಕಾಣುವುದು ಆ ಕ್ಯಾಪ್ಟನ್. ಬೀಕನ್ಸ್‌ಫೀಲ್ಡ್ ವರ್ದಿಂಗ್‌ಟನ್ ಅಂತ ಹೆಸರು.

ಆಗ ರೇಡಾರ್ ಇಲ್ಲ, ಜಿಪಿಎಸ್ ಮಾತೇ ಇಲ್ಲ. ಯುದ್ಧಕ್ಕಾಗಿ ಲೈಟ್‌ಹೌಸ್‌ಗಳನ್ನು ಆರಿಸಿದ್ದರು ಇಲ್ಲವೇ ಮಂಕಾಗಿಸಿದ್ದರು. ರೇಡಿಯೋ ಬಳಸಿದರೆ ಜರ್ಮನ್ ಜಲಾಂತರ್ಗಾಮಿ ಯು-ಬೋಟ್‌ಗೆ ಸುಳಿವು. ಮೋಡ ಕವಿದರೆ ನಕ್ಷತ್ರವೂ ಇಲ್ಲ. ಉಳಿಯುವುದು ಡೆಡ್ ರೆಕನಿಂಗ್ ಒಂದೇ: ಇಂಥ ದಿಕ್ಕಿನಲ್ಲಿ, ಇಷ್ಟು ವೇಗದಲ್ಲಿ, ಇಷ್ಟು ಹೊತ್ತು ಬಂದಿದ್ದೇವೆ, ಆದ್ದರಿಂದ ಇಲ್ಲಿದ್ದೇವೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕುವುದು. ಗಾಳಿ ಎಷ್ಟು ತಳ್ಳಿತು, ಸೆಳೆತ ಎಷ್ಟು ಎಳೆಯಿತು ಅನ್ನುವುದು ಅನುಭವದ ಅಂದಾಜು. ಅರವತ್ತು ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ಐದು ಡಿಗ್ರಿ ತಪ್ಪಿದರೆ ಐದು ಮೈಲಿ. ಬಿರುಗಾಳಿಯಲ್ಲಿ ಐದು ಡಿಗ್ರಿ ಏನೇನೂ ಅಲ್ಲ. ಆ ಕಡೆಯ ದ್ವೀಪಗಳ ಮಧ್ಯೆ ಐದು ಮೈಲಿ ಅಂದರೆ ಜೀವ.

ಬಂಡೆಗೇರಿದ ಮೇಲೂ ಅವರಿಗೆ ತಾವು ಎಲ್ಲಿದ್ದೇವೆಂದು ತಿಳಿದಿರಲಿಲ್ಲ. ಬಾರಾ ದ್ವೀಪದ ದಕ್ಷಿಣದಲ್ಲಿದ್ದೇವೆ ಅಂತ ಸಂದೇಶ ಹೋಯಿತು. ಎರಿಸ್ಕೇ ಇರುವುದು ಬಾರಾದ ಉತ್ತರಕ್ಕೆ. ಬಾರಾದ ಕ್ಯಾಸಲ್‌ಬೇಯಿಂದ ಹೊರಟ ಲೈಫ್‌ಬೋಟ್ ಪಾಪ ಹುಡುಕಿಕೊಂಡು ಅಲೆಯಿತು. ಇಳಿಸಿದ ಒಂದು ದೋಣಿ ಸೌತ್ ಯುಯಿಸ್ಟ್‌ನ ಬಂಡೆಗೆ ಬಡಿಯಿತು, ಅದರಲ್ಲಿದ್ದವರು ಬಂಡೆ ಹತ್ತಿ ಬದುಕಿದರು. ಇಷ್ಟಾದರೂ ಸಾವಿಲ್ಲದೆ ಮುಗಿದದ್ದು ಅದೃಷ್ಟ. ಆ ಅದೃಷ್ಟದಿಂದಲೇ ಇದು ನಗುವ ಕಥೆಯಾಗಿ ಉಳಿದಿದೆ.

ಗ್ಲಾಸ್ಗೋ ಕನ್ನಡತಿ

ಎರಿಸ್ಕೇಗೆ ಹೋಗಿ ಬಂದವಳು ನಾನು, ಎರಡು ಮಾತು ಸೇರಿಸುತ್ತೇನೆ.

2001ರಿಂದ ಸೌತ್ ಯುಯಿಸ್ಟ್‌ಗೂ ಎರಿಸ್ಕೇಗೂ ನಡುವೆ ಕಲ್ಲು ಸುರಿದು ಕಟ್ಟಿದ ರಸ್ತೆ ಇದೆ, ಕಾರಿನಲ್ಲೇ ದ್ವೀಪಕ್ಕೆ ಹೋಗಬಹುದು. ಊರಿನ ಪಬ್ಬಿನ ಹೆಸರು ಆಮ್ ಪೊಲಿಟೀಶಿಯನ್. ಅಲ್ಲಿ ಹಡಗಿನಿಂದ ಬಂದ ಬಾಟಲಿ ತೋರಿಸುತ್ತಾರೆ, ಮುಟ್ಟಲು ಬಿಡುತ್ತಾರೆ, ಕುಡಿಯಲು ಬಿಡುವುದಿಲ್ಲ. ಹಡಗು ಬರುವುದಕ್ಕೆ ಮೊದಲು ಈ ದ್ವೀಪಕ್ಕಿದ್ದ ಖ್ಯಾತಿ 1745ರದ್ದು. ಬ್ರಿಟನ್ನಿನ ಸಿಂಹಾಸನಕ್ಕಾಗಿ ದಂಡೆತ್ತಿ ಬಂದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಸ್ಕಾಟ್ಲೆಂಡಿನಲ್ಲಿ ಮೊದಲು ಕಾಲಿಟ್ಟದ್ದು ಇಲ್ಲಿನ ಮರಳಿನ ಮೇಲೆ. ಈಗ ಯಾರನ್ನು ಕೇಳಿದರೂ ವಿಸ್ಕಿಯ ಮಾತೇ ಮೊದಲು.

ಇನ್ನೊಂದು. ಶನಿವಾರ ಮಧ್ಯರಾತ್ರಿ ಹೊಡೆದ ಕೂಡಲೇ ಭಾನುವಾರ ದೇವರ ದಿನ ಅಂತ ಜನ ಕೈಕಟ್ಟಿ ಕೂತರು, ಸೋಮವಾರದವರೆಗೆ ಹಡಗು ಮುಟ್ಟಲಿಲ್ಲ ಅಂತ ಒಂದು ಕಥೆ ಓಡಾಡುತ್ತದೆ. ಅದು ಈ ಘಟನೆಯ ಮೇಲೆ ಬರೆದ ಕಾದಂಬರಿಯನ್ನು ಆಧರಿಸಿದ 1949ರ ‘ವಿಸ್ಕಿ ಗಲೋರ್’ ಸಿನಿಮಾದಿಂದ ಬಂದದ್ದು. ಹಾಗೆ ಕಟ್ಟುನಿಟ್ಟಾಗಿ ಭಾನುವಾರ ಆಚರಿಸುವವರು ಉತ್ತರದ ಲೂಯಿಸ್, ಹ್ಯಾರಿಸ್ ಕಡೆಯ ಪ್ರೊಟೆಸ್ಟೆಂಟರು. ಎರಿಸ್ಕೇ, ಸೌತ್ ಯುಯಿಸ್ಟ್, ಬಾರಾ ಕ್ಯಾಥೊಲಿಕ್ ಊರುಗಳು. ಹೊರಗಿನವರಿಗೆ ಎಲ್ಲ ದ್ವೀಪವೂ ಒಂದೇ.

ಸಿನಿಮಾ ನಗಿಸಿತು, ಸರಿ. ಆದರೆ ಹೆಬ್ರಿಡೀಸ್‌ನವರಿಗೆ ಹಡಗು ಒಡೆಯುವುದೆಂದರೆ ಪೊಲಿಟೀಶಿಯನ್‌ಗಿಂತ ಇಪ್ಪತ್ತೆರಡು ವರ್ಷ ಹಿಂದಿನ ಅಯೊಲೇರ್ ನೆನಪು. 1919ರ ಹೊಸ ವರ್ಷದ ನಸುಕಿನಲ್ಲಿ, ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಬರುತ್ತಿದ್ದ ಲೂಯಿಸ್ ಹುಡುಗರನ್ನು ಹೊತ್ತ ಹಡಗು ಸ್ಟಾರ್ನವೇ ಬಂದರಿನ ಬಾಗಿಲಲ್ಲೇ ಬಂಡೆಗೆ ಬಡಿದು 201 ಜನ ಸತ್ತರು. ದಡ ಕೂಗಳತೆಯಲ್ಲಿತ್ತು. ಅಂಥ ಕಡಲು ಒಂದು ಸಲವಾದರೂ ಹೆಣ ಬಿಟ್ಟು ಬೇರೇನೋ ತಂದುಕೊಟ್ಟಿತು ಅಂದರೆ ಆ ಜನ ಎತ್ತಿಕೊಳ್ಳದೆ ಇರುತ್ತಾರಾ? ಜೈಲಿಗೆ ಹೋಗಿ ಬಂದವರನ್ನು ಊರಲ್ಲಿ ಯಾರೂ ಕಳ್ಳರೆಂದು ಕಾಣಲಿಲ್ಲ. ಅವರ ಮನೆಯವರಿಗೆ ಮಾತ್ರ ಅದು ತಮಾಷೆಯೂ ಆಗಿರಲಿಲ್ಲ. ಬೇಸಾಯದ, ಮೀನಿನ ದಿನಗಳಲ್ಲಿ ಮನೆಯ ಗಂಡಸು ಎರಡು ತಿಂಗಳು ಇಲ್ಲದಿದ್ದರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ.

ಅಂಕಿಸಂಖ್ಯೆ

ಎಲ್ಲರೂ ವಿಸ್ಕಿಯ ಹಿಂದೆ ಬಿದ್ದಿದ್ದೀರಿ. ನನಗೆ ಆ ನೋಟುಗಳ ಪೆಟ್ಟಿಗೆಯೇ ಸ್ವಾರಸ್ಯ.

ಹತ್ತು ಶಿಲಿಂಗಿನ ಜಮೈಕಾ ನೋಟು 2,90,000. ಆಗಿನ ಬೆಲೆ 1,45,000 ಪೌಂಡ್. 1958ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2,11,267 ನೋಟು ಸಿಕ್ಕಿ ನಾಶ ಮಾಡಿದ್ದರು. 2,329 ನೋಟು ಬೇರೆ ಬೇರೆ ಬ್ಯಾಂಕುಗಳ ಕೌಂಟರಿಗೆ ಬಂದಿದ್ದವು: ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಮಾಲ್ಟಾ, ಕೆನಡಾ, ಅಮೆರಿಕ, ಕೊನೆಗೆ ಜಮೈಕಾ. ಉಳಿದ 76,404 ನೋಟಿಗೆ ಲೆಕ್ಕವೇ ಇಲ್ಲ. ದ್ವೀಪದ ಮೀನುಗಾರ ಮಾಲ್ಟಾಕ್ಕೆ ಹೋಗಿ ಜಮೈಕಾ ನೋಟು ಮುರಿಸಿದನೇ? ನಾವಿಕರ ಕೈ, ಸೈನಿಕರ ಕೈ, ಹಡಗು ಎತ್ತಲು ಬಂದವರ ಕೈ, ಎಷ್ಟು ಕೈ ದಾಟಿರಬೇಕು! ಕೋರ್ಟಿಗೆ ಬಂದ ಕೈಗಳು ಮಾತ್ರ ದ್ವೀಪದವರದ್ದು.

ಇನ್ನೊಂದು ಗಮ್ಮತ್ತು. ಈ ಹಡಗಿಗೆ 1935ರವರೆಗೆ ಲಂಡನ್ ಮರ್ಚೆಂಟ್ ಎಂಬ ಹೆಸರಿತ್ತು. 1924ರಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಅದು ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ಬಂದರಿಗೆ ಹೋಯಿತು. ಒಳಗಿದ್ದ ವಿಸ್ಕಿಗೆ ಅಮೆರಿಕದ ಅಧಿಕಾರಿಗಳೇ ಮೊಹರು ಹಾಕಿ ಒಪ್ಪಿಗೆ ಕೊಟ್ಟಿದ್ದರೂ ರಾಜ್ಯದ ಪಾನನಿಷೇಧ ಅಧಿಕಾರಿ ಅದನ್ನು ಜಪ್ತಿ ಮಾಡಿದ. ವಿಸ್ಕಿ ಕೊಡದೆ ಹಡಗು ಕದಲಿಸುವುದಿಲ್ಲ ಅಂತ ಕ್ಯಾಪ್ಟನ್ ಹಟ ಹಿಡಿದ. ಬ್ರಿಟಿಷ್ ರಾಯಭಾರ ಕಚೇರಿ ವಾಷಿಂಗ್ಟನ್ನಿನಲ್ಲಿ ದೂರು ಕೊಟ್ಟಿತು. ಕೊನೆಗೆ ವಿಸ್ಕಿ ವಾಪಸ್ ಬಂತು. ಆ ಹಡಗಿನ ಜಾತಕದಲ್ಲೇ ವಿಸ್ಕಿ ಯೋಗ ಬರೆದಿತ್ತು.

ಧಾರವಾಡ್ ಪೇಡೆ

ಹಂಗಾರ ಈಗ ಒಂದು ಬಾಟ್ಲಿಗೆ ಎಷ್ಟ್ ರೇಟು?

ಗ್ಲಾಸ್ಗೋ ಕನ್ನಡತಿ

1987ರಲ್ಲಿ ಸೌತ್ ಯುಯಿಸ್ಟ್‌ನವರೊಬ್ಬರು ಹಡಗಿನ ಅವಶೇಷದಲ್ಲಿ ಎಂಟು ಬಾಟಲಿ ಹೆಕ್ಕಿದರು, ಹರಾಜಿನಲ್ಲಿ ನಾಲ್ಕು ಸಾವಿರ ಪೌಂಡ್ ಬಂತು. 2013ರಲ್ಲಿ ಎರಡೇ ಬಾಟಲಿಗೆ ಹನ್ನೆರಡು ಸಾವಿರ ಪೌಂಡ್ ದಾಟಿತು. ಕುಡಿಯಲು ಯಾರೂ ಕೊಳ್ಳುವುದಿಲ್ಲ ಬಿಡಿ.

ಶರಾವತಿ ಎಡದಂಡೆ

ಚರ್ಚೆ ಚೆನ್ನಾಗಿದೆ. ಆದರೆ 1941ರ ಫೆಬ್ರುವರಿ ಅಂದ ಕೂಡಲೇ ನನಗೆ ನೆನಪಾಗುವುದು ಬೇರೊಂದು ಹಡಗು. ಪೊಲಿಟೀಶಿಯನ್ ಬಂಡೆಗೇರಿ ಹನ್ನೆರಡು ದಿನಕ್ಕೆ, ಅದೇ ಅಟ್ಲಾಂಟಿಕ್‌ನಲ್ಲಿ, ಐರ್ಲೆಂಡಿನ ನೈರುತ್ಯಕ್ಕೆ ಮುಳುಗಿದ ಸರಕು ಹಡಗು. ಅದರ ಹೆಸರು ಎಸ್.ಎಸ್. ಗೇರ್‌ಸೊಪ್ಪಾ.

ಹೌದು, ನಮ್ಮ ಗೇರುಸೊಪ್ಪೆಯೇ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು. ಜೋಗವನ್ನು ಬ್ರಿಟಿಷರು ಗೇರ್‌ಸೊಪ್ಪಾ ಫಾಲ್ಸ್ ಅಂತ ಕರೆಯುತ್ತಿದ್ದ ಕಾಲ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ತನ್ನ ಹಡಗುಗಳಿಗೆ ಈ ಕಡೆಯ ಊರುಗಳ ಹೆಸರಿಡುತ್ತಿತ್ತು. 1919ರಲ್ಲಿ ಇಂಗ್ಲೆಂಡಿನ ಜಾರೋದಲ್ಲಿ ಕಟ್ಟಿದ ಐದು ಸಾವಿರ ಟನ್ನಿನ ಹಡಗಿಗೆ ನಮ್ಮ ಊರಿನ ಹೆಸರು ಬಿತ್ತು.

1940ರ ಡಿಸೆಂಬರಿನಲ್ಲಿ ಕಲಕತ್ತೆ ಬಿಟ್ಟಿತು. ಒಳಗೆ ಬೆಳ್ಳಿ, ಬೀಡು ಕಬ್ಬಿಣ, ಚಹಾ, ಅಂಚೆ ಚೀಲ. ಪಶ್ಚಿಮ ಆಫ್ರಿಕಾದ ಫ್ರೀಟೌನ್‌ನಿಂದ ಬೆಂಗಾವಲು ಗುಂಪಿನಲ್ಲಿ ಹೊರಟಿತು. ಬಿರುಗಾಳಿಗೆ ಕಲ್ಲಿದ್ದಲು ಬೇಗ ಖರ್ಚಾಯಿತು, ಗುಂಪಿನ ವೇಗಕ್ಕೆ ಸರಿಸಮ ಓಡಿದರೆ ಬ್ರಿಟನ್ ಮುಟ್ಟುವುದಿಲ್ಲ ಅಂತ ಕ್ಯಾಪ್ಟನ್ ಗುಂಪು ಬಿಟ್ಟು ಐರ್ಲೆಂಡಿನ ಗಾಲ್ವೇ ಕಡೆ ತಿರುಗಿಸಿದ. ಫೆಬ್ರುವರಿ 16ರಂದು ಜರ್ಮನ್ ವಿಮಾನವೊಂದು ಸುತ್ತು ಹಾಕಿ ಹೋಯಿತು. ರಾತ್ರಿ ಜರ್ಮನ್ ಜಲಾಂತರ್ಗಾಮಿ ಯು-101 ಟಾರ್ಪಿಡೊ ಹೊಡೆಯಿತು. ಇಪ್ಪತ್ತು ನಿಮಿಷದಲ್ಲಿ ಹಡಗು ಇಲ್ಲ.

ಮೂವತ್ತಕ್ಕೂ ಹೆಚ್ಚು ಜನರಿದ್ದ ಒಂದು ಲೈಫ್‌ಬೋಟ್ ಮಾತ್ರ ಉಳಿಯಿತು. ಅದನ್ನು ನಡೆಸಿದವರು ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್. ಫೆಬ್ರುವರಿಯ ಅಟ್ಲಾಂಟಿಕ್, ತೆರೆದ ದೋಣಿ, ಒಂದೊಂದು ಗುಟುಕು ನೀರು. ಬೆಚ್ಚಗಿನ ನಾಡಿನಿಂದ ಹೋದ ಭಾರತೀಯ ನಾವಿಕರು ಚಳಿಗೆ ಒಬ್ಬೊಬ್ಬರಾಗಿ ಸತ್ತರು. ಹದಿಮೂರನೇ ದಿನ, ಮಾರ್ಚ್ 1ರಂದು, ಕಾರ್ನ್‌ವಾಲ್‌ನ ಲಿಜರ್ಡ್ ಭೂಶಿರದ ಹತ್ತಿರ ದಡ ಕಂಡಾಗ ಬದುಕಿದ್ದವರು ಬೆರಳೆಣಿಕೆಯಷ್ಟು. ಅಲ್ಲೇ ಅಲೆಗೆ ದೋಣಿ ಮಗುಚಿತು. ಏರ್ಸ್ ಒಬ್ಬರೇ ಬದುಕಿದರು. ಹಡಗಿನಲ್ಲಿದ್ದದ್ದು ಎಂಬತ್ತಕ್ಕೂ ಹೆಚ್ಚು ಜನ, ಬಹುಪಾಲು ನಮ್ಮವರು.

ಎರಿಸ್ಕೇಯ ಹಡಗಿಗೆ ಕಾದಂಬರಿ, ಸಿನಿಮಾ, ಪಬ್ಬು. ಇದಕ್ಕೆ?

ನಿವೃತ್ತ ಸುಂಕದವ

ಇದಕ್ಕೆ ಬೆಳ್ಳಿ. ಅದನ್ನು ನೀವು ಬರೆಯಲಿಲ್ಲ. 2011ರಲ್ಲಿ ಅಮೆರಿಕದ ಒಡಿಸ್ಸಿ ಎಂಬ ಕಂಪನಿ 4,700 ಮೀಟರ್ ಆಳದಲ್ಲಿ ಈ ಹಡಗನ್ನು ಪತ್ತೆ ಹಚ್ಚಿತು. ಟೈಟಾನಿಕ್ ಇರುವುದಕ್ಕಿಂತ ಹೆಚ್ಚು ಆಳ. ಮುಂದಿನ ಎರಡು ಬೇಸಿಗೆಗಳಲ್ಲಿ ರೋಬೋಟ್ ಇಳಿಸಿ 1,218 ಮತ್ತು 1,574 ಬೆಳ್ಳಿ ಗಟ್ಟಿ ಎತ್ತಿದರು, ನೂರು ಟನ್ನಿಗೂ ಮೇಲೆ. ಯುದ್ಧಕಾಲದ ವಿಮೆಯ ಹಣ ಕೊಟ್ಟಿದ್ದರಿಂದ ಬೆಳ್ಳಿ ಬ್ರಿಟಿಷ್ ಸರ್ಕಾರದ್ದಾಗಿತ್ತು. ಎಪ್ಪತ್ತು ವರ್ಷ ಸಮುದ್ರದ ತಳದಲ್ಲಿದ್ದರೂ ಮಾಲೀಕತ್ವ ಹೋಗಿರಲಿಲ್ಲ. ನಾನು ಮೇಲೆ ಹೇಳಿದ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮಲ್ಪೆಯಿಂದ

ಹಾಗಾದರೆ ಎತ್ತಿದ ಕಂಪನಿಗೆ ಸಿಕ್ಕಿದ್ದು ಎಷ್ಟು?

ನಿವೃತ್ತ ಸುಂಕದವ

ಒಪ್ಪಂದದ ಪ್ರಕಾರ ಖರ್ಚು ಕಳೆದು ಶೇ. 80.

ಮಲ್ಪೆಯಿಂದ

ನೋಡಿ ಮತ್ತೆ! ರೋಬೋಟ್ ಇದ್ದವನಿಗೆ ನೂರರಲ್ಲಿ ಎಂಬತ್ತು, ದೋಣಿ ಇದ್ದವನಿಗೆ ಎರಡು ತಿಂಗಳು ಜೈಲು. ಇಬ್ಬರೂ ಬೇರೆಯವರು ಕೈಬಿಟ್ಟದ್ದನ್ನೇ ಎತ್ತಿದ್ದು.

ನಿವೃತ್ತ ಸುಂಕದವ

ಒಬ್ಬ ಕೇಳಿ ಎತ್ತಿದ, ಇನ್ನೊಬ್ಬ ಕೇಳದೆ ಎತ್ತಿದ. ಅಷ್ಟೇ ವ್ಯತ್ಯಾಸ, ಕಾನೂನಿಗೆ ಅಷ್ಟು ಸಾಕು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1941ರಲ್ಲಿ ದ್ವೀಪದ ಭಾಷೆಯಾದ ಗೇಲಿಕ್ ಮಾತಾಡುವ ಮೀನುಗಾರನ ಜೊತೆ ಯಾವ ಸರ್ಕಾರವೂ ಒಪ್ಪಂದಕ್ಕೆ ಕೂರುತ್ತಿರಲಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಮೆಕಾಲ್ ಸ್ವಲ್ಪ ಕಣ್ಣು ಮುಚ್ಚಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಆದರೆ ಅವನು ಮಾಡಿದ್ದು ತಪ್ಪಲ್ಲ.

ತೆರೆನೊರೆ

ತಪ್ಪಲ್ಲ, ಸರಿ. ಆದರೆ ಯುದ್ಧದ ನಡುವೆ ಪೊಲೀಸರನ್ನು ಮೊಲದ ಬಿಲ ಅಗೆಯಲು ಹಚ್ಚಿದವನು ಅವನು. ಅದಾದ ಮೇಲೆ ಉಳಿದ ವಿಸ್ಕಿಗೆ ಸರ್ಕಾರವೇ ಮದ್ದಿಟ್ಟಿತು. ಸುಂಕವೂ ಬರಲಿಲ್ಲ, ಡಾಲರೂ ಬರಲಿಲ್ಲ. ಇದು ಯಾವ ಲೆಕ್ಕ?

ಸೆಕೆಂಡ್ ಮೇಟ್

ಶರಾವತಿಯವರ ಮಾತಿಗೆ ಸೇರಿಸುವುದಿದೆ. ಲಸ್ಕರ್ ಅಂತ ಕರೆಯುತ್ತಿದ್ದ ಭಾರತೀಯ ನಾವಿಕರಿಗೆ ಬಿಳಿ ನಾವಿಕರ ಸಂಬಳದ ಮೂರರಲ್ಲಿ ಒಂದು ಪಾಲೋ ಕಾಲು ಪಾಲೋ ಸಿಗುತ್ತಿತ್ತು. ಮಲಗುವ ಜಾಗವೂ ಕಡಿಮೆ, ಊಟವೂ ಬೇರೆ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ಬಂದರುಗಳಲ್ಲಿ ಅವರು ಮುಷ್ಕರ ಹೂಡಿದರು, ಎಷ್ಟೋ ಜನ ಜೈಲು ಕಂಡರು. ಬ್ರಿಟಿಷ್ ನಾವಿಕರ ಪಾಡೂ ಸುಖದ್ದೇನಲ್ಲ. 1941ರ ಮೇವರೆಗೆ ಹಡಗು ಹೋದ ದಿನಕ್ಕೇ ಸಂಬಳ ನಿಲ್ಲುತ್ತಿತ್ತು. ದೋಣಿಯಲ್ಲಿ ತೇಲಿದ ದಿನಗಳಿಗೆ ಸಂಬಳವಿಲ್ಲ.

ಒಂದೇ ಹಡಗಿನಲ್ಲಿ ಸತ್ತರೂ ಹೆಸರು ಬೇರೆ ಬೇರೆ ಕಡೆ. ಬ್ರಿಟಿಷ್ ಸಿಬ್ಬಂದಿಯದ್ದು ಲಂಡನ್ನಿನ ಟವರ್ ಹಿಲ್ ಸ್ಮಾರಕದ ಕಂಚಿನ ಫಲಕದಲ್ಲಿ. ಭಾರತೀಯರದ್ದು ಮುಂಬೈ ಮತ್ತು ಚಿತ್ತಗಾಂಗ್‌ಗಳಲ್ಲಿ ಇಟ್ಟ ಪುಸ್ತಕದಲ್ಲಿ, ನೌಕಾಪಡೆಯವರನ್ನೂ ಸೇರಿಸಿ 6,469 ಹೆಸರು. ಮುಂಬೈಯ ಪ್ರತಿ ಇರುವುದು ಭಾರತೀಯ ನಾವಿಕರ ವಸತಿಗೃಹದಲ್ಲಿ.

ಗ್ಲಾಸ್ಗೋ ಕನ್ನಡತಿ

ಗೇರ್‌ಸೊಪ್ಪಾದಿಂದ ಬೆಳ್ಳಿ ಮಾತ್ರ ಬರಲಿಲ್ಲ. ಏಳುನೂರಕ್ಕೂ ಹೆಚ್ಚು ಪತ್ರ ಬಂದವು. ಅಂಚೆ ಚೀಲಗಳು ಬೇರೆ ಸರಕಿನ ಕೆಳಗೆ ಅಡಗಿ, ಬೆಳಕು, ಆಮ್ಲಜನಕ ಎರಡೂ ತಾಗದೆ, ತಣ್ಣಗಿನ ಕೆಸರಿನಲ್ಲಿ ಉಳಿದುಕೊಂಡಿದ್ದವು. ಭಾರತದಲ್ಲಿದ್ದ ಸೈನಿಕರು, ಪಾದ್ರಿಗಳು, ತೋಟದವರು, ವ್ಯಾಪಾರಿಗಳು 1940ರ ಕೊನೆಯಲ್ಲಿ ಮನೆಗೆ ಬರೆದ ಕಾಗದ. 2018ರಲ್ಲಿ ಲಂಡನ್ನಿನ ಅಂಚೆ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಬೆಳ್ಳಿಯಲ್ಲಿ ಒಂದಿಷ್ಟನ್ನು ಬ್ರಿಟಿಷ್ ಟಂಕಸಾಲೆ ನಾಣ್ಯ ಮಾಡಿ ಮಾರಿತು, ಅಂಚಿನಲ್ಲಿ ಹಡಗಿನ ಹೆಸರು ಕೊರೆದು.

ಧಾರವಾಡ್ ಪೇಡೆ

ನಗಾಕ ಬಂದಿದ್ದೆ ಇಲ್ಲಿ. ನಗು ಹೋತು. ಆದ್ರ ಒಂದು ಮಾತು: ಎರಿಸ್ಕೇದವ್ರ ಮ್ಯಾಲ ಸಿಟ್ಟ್ ಮಾಡ್ಕೋಬ್ಯಾಡ್ರಿ. ಅವ್ರೂ ಮುಳುಗಾವ್ರನ್ನ ಎತ್ತಿ ಮನ್ಯಾಗ ಕೂಡಿಸಿ ಊಟಾ ಹಾಕಿದ ಮಂದಿ. ಆ ದೋಣಿ ಅವ್ರ ದಂಡಿಗೆ ಬಂದಿತ್ತಂದ್ರ ಅವ್ರೂ ಓಡಿ ಬರ್ತಿದ್ರು.

ಶರಾವತಿ ಎಡದಂಡೆ

ಅವರ ಮೇಲೆ ಸಿಟ್ಟಿಲ್ಲ. ಕಾರ್ನ್‌ವಾಲ್‌ನಲ್ಲಿ ಆ ದೋಣಿಯನ್ನು ಮೊದಲು ಕಂಡು ಸುದ್ದಿ ಮುಟ್ಟಿಸಿದವರೂ ಬಾಂಬಿಗೆ ಹೆದರಿ ಊರು ಬಿಟ್ಟು ಬಂದಿದ್ದ ಶಾಲಾ ಹುಡುಗಿಯರೇ. ನನಗೆ ಸಿಟ್ಟಿರುವುದು ನಮ್ಮ ಮೇಲೆ. ಹೊನ್ನಾವರ, ಸಾಗರದಲ್ಲಿ ನಿಂತು ಕೇಳಿ ನೋಡಿ, ಗೇರುಸೊಪ್ಪೆಯ ಹೆಸರಿನ ಹಡಗೊಂದು ಅಟ್ಲಾಂಟಿಕ್ ತಳದಲ್ಲಿದೆ ಅಂದರೆ ಎಷ್ಟು ಜನಕ್ಕೆ ಗೊತ್ತು?

ಹೊನ್ನಾವರದವಳು

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನಮ್ಮಜ್ಜಿಯ ಅಣ್ಣ ಒಬ್ಬರು ಬೊಂಬಾಯಿಗೆ ಹೋಗಿ ಬ್ರಿಟಿಷ್ ಇಂಡಿಯಾ (ಬಿ.ಐ.) ಕಂಪನಿಯ ಹಡಗು ಹತ್ತಿದವರು ಯುದ್ಧದ ಮೇಲೆ ವಾಪಸ್ ಬರಲಿಲ್ಲ. ಯಾವ ಹಡಗು ಅಂತ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಸೆಕೆಂಡ್ ಮೇಟ್ ಅವರೇ, ಆ ಪುಸ್ತಕದಲ್ಲಿ ಹುಡುಕಲು ದಾರಿ ಇದೆಯಾ? ಮುಂಬೈವರೆಗೆ ಹೋಗಲೇಬೇಕಾ?

ಸೆಕೆಂಡ್ ಮೇಟ್

ಹೋಗಬೇಕಿಲ್ಲ. ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗದ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಭಾರತೀಯ ಮರ್ಚೆಂಟ್ ನೇವಿ ಅಂತ ಆರಿಸಿ, 1939ರಿಂದ 1947ರವರೆಗೆ ಅವಧಿ ಹಾಕಿ. ಹೆಸರನ್ನು ಒಂದೇ ರೀತಿ ಬರೆದು ಬಿಡಬೇಡಿ. ಬಂದರಿನ ಗುಮಾಸ್ತನಿಗೆ ಕೇಳಿಸಿದ ಹಾಗೆ ಬರೆದಿರುತ್ತಾನೆ, ಮನೆತನದ ಹೆಸರು ಇರುವುದೇ ಇಲ್ಲ, ಅಪ್ಪನ ಹೆಸರು ಸಿಕ್ಕರೆ ಪುಣ್ಯ. ಹಡಗಿನಲ್ಲಿ ಯಾವ ಕೆಲಸ ಅಂತ ಅಜ್ಜಿ ಹೇಳಿದ್ದರೆ ಅದೂ ಸಹಾಯ: ಸರಂಗ, ತಾಂಡೇಲ, ಭಂಡಾರಿ, ಬೆಂಕಿ ಹಾಕುವವರು, ಹೀಗೆ ಹುದ್ದೆಯೂ ನಮೂದಾಗಿರುತ್ತದೆ.

ಗೇರ್‌ಸೊಪ್ಪಾವೇ ಇರಬಹುದು ಅಂತ ಮೊದಲೇ ಅಂದುಕೊಳ್ಳಬೇಡಿ. ಅದು ಕಲಕತ್ತೆಯಿಂದ ಹೊರಟದ್ದು. ಅಲ್ಲಿ ಭರ್ತಿಯಾಗುತ್ತಿದ್ದವರು ಹೆಚ್ಚಾಗಿ ಸಿಲ್ಹೆಟ್, ನೋವಾಖಾಲಿ, ಚಿತ್ತಗಾಂಗ್ ಕಡೆಯವರು. ಕೊಂಕಣ, ಗೋವಾ, ನಮ್ಮ ಕರಾವಳಿಯವರು ಬೊಂಬಾಯಿಯಲ್ಲೇ ಸೇರುತ್ತಿದ್ದರು. ಬಿ.ಐ. ಕಂಪನಿ ಆ ಯುದ್ಧದಲ್ಲಿ ಕಳೆದುಕೊಂಡ ಹಡಗುಗಳು ಒಂದೆರಡಲ್ಲ. ಹೆಸರು, ಊರು, ಸುಮಾರು ವಯಸ್ಸು ಖಾಸಗಿಯಾಗಿ ಕಳಿಸಿ. ರಜೆಯಲ್ಲಿದ್ದೇನೆ, ಕೂತು ನೋಡುತ್ತೇನೆ.